ಹಾಲ್ ಬುಕ್ ಆಯ್ತು, ಕಾಗದ ಎಲ್ಲಿ? ವಿದೇಶಿ ಸೊಸೆ–ಅಳಿಯನ ಮದುವೆಗೆ ಬೇಕಾದ ದಾಖಲೆಗಳ ಲೆಕ್ಕ

ಉದ್ಯಾವರ: ಮೊದಲು ಮುಹೂರ್ತ, ಮತ್ತೆ ಹಾಲ್, ಆಮೇಲೆ ಅಡುಗೆಯವರಿಗೆ ಅಡ್ವಾನ್ಸ್, ಎಲ್ಲದರ ಕೊನೆಗೆ ಕಾಗದಪತ್ರ. ನಮ್ಮಲ್ಲಿ ಮದುವೆ ನಡೆಯುವುದು ಇದೇ ಕ್ರಮದಲ್ಲಿ. ಗಂಡು ಹೆಣ್ಣು ಇಬ್ಬರೂ ಊರಿನವರೇ ಆದರೆ ತೊಂದರೆ ಏನಿಲ್ಲ. ಆದರೆ ದುಬೈ, ಜರ್ಮನಿ, ಅಮೆರಿಕ ಅಂತ ಹೊರಗೆ ದುಡಿಯುವವರು ನಮ್ಮ ಕಡೆ ಎಷ್ಟು ಜನ ಇದ್ದಾರೆ ಅಂತ ಹೇಳಬೇಕಾಗಿಲ್ಲ. ಮಣಿಪಾಲಕ್ಕೆ ಓದಲು ಬರುವ ವಿದೇಶಿಯರೂ ಇದ್ದಾರೆ. ಸೊಸೆಯೋ ಅಳಿಯನೋ ಬೇರೆ ದೇಶದವರಾದರೆ ಈ ಕ್ರಮ ಪೂರ್ತಿ ಉಲ್ಟಾ ಆಗಬೇಕು. ಮೊದಲು ಕಾಗದ, ಆಮೇಲೆ ಹಾಲ್. ಇಲ್ಲದಿದ್ದರೆ ಊಟ ಬಡಿಸಿ ಆಗಿರ್ತದೆ, ಕಾನೂನಿನ ಲೆಕ್ಕದಲ್ಲಿ ಮದುವೆ ಆಗಿರುವುದಿಲ್ಲ.

ಹೆಚ್ಚಿನವರು ಎಡವುವುದು ಇಲ್ಲಿ: ತೊಡಕು ಇರುವುದು ಪಾಸ್‌ಪೋರ್ಟಿನಲ್ಲಿ ಅಂತ ತಿಳಿದುಕೊಳ್ಳುತ್ತಾರೆ. ಅಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಕೇಳುವುದು ಇಬ್ಬರೂ ಹಿಂದೂಗಳಾ ಅಂತ. ಅಮೆರಿಕದ ಪೌರತ್ವ ಇರುವ ನಮ್ಮದೇ ಊರಿನ ಹಿಂದೂ ಹುಡುಗಿಯನ್ನು ಇಲ್ಲಿ ಧಾರೆ ಎರೆದು ಮದುವೆ ಆದರೆ ಆ ಕಾಯ್ದೆಯಡಿಯೇ ನೋಂದಣಿ ಆಗುತ್ತದೆ. ಆದರೆ ಕ್ರೈಸ್ತ ಧರ್ಮದ ಜರ್ಮನ್ ಹುಡುಗಿಗೆ ದೇವಸ್ಥಾನದಲ್ಲಿ ತಾಳಿ ಕಟ್ಟಿದರೆ, ಫೋಟೋ ಪೇಪರಿನಲ್ಲಿ ಬಂದರೂ, ಆ ಕಾಯ್ದೆಯಡಿ ಅದಕ್ಕೆ ಬೆಲೆ ಇಲ್ಲ. ಅವರಿಗೆ ಇರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಗರ್ಜಿಯಲ್ಲಿ ಆಗುವ ಮದುವೆಗೆ 1872ರ ಕ್ರೈಸ್ತ ವಿವಾಹ ಕಾಯ್ದೆ ಇದೆ. ನಿಕಾಹ್‌ಗೆ ಅದರದ್ದೇ ನಿಯಮ.

ವಿಶೇಷ ವಿವಾಹ ಕಾಯ್ದೆಯಲ್ಲಿ ಎಲ್ಲ ನಿಂತಿರುವುದು ದಿನದ ಲೆಕ್ಕದ ಮೇಲೆ. ನೋಟಿಸ್ ಕೊಡುವ ಮೊದಲು ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಇದ್ದಿರಬೇಕು. ನೋಟಿಸ್ ಸಬ್ ರಿಜಿಸ್ಟ್ರಾರ್ ಕಚೇರಿಯ ಬೋರ್ಡಿಗೆ ಬಿದ್ದ ಮೇಲೆ ಆಕ್ಷೇಪಕ್ಕೆ ಇನ್ನೊಂದು 30 ದಿನ. ಗಲ್ಫಿನಿಂದ ಮೂರು ವಾರದ ರಜೆಯಲ್ಲಿ ಬಂದ ಹುಡುಗ, 30 ದಿನದ ಇ-ಟೂರಿಸ್ಟ್ ವೀಸಾದಲ್ಲಿ ಬಂದ ಹುಡುಗಿ: ಇವರಿಬ್ಬರು ಒಂದೇ ಪ್ರಯಾಣದಲ್ಲಿ ಈ ಲೆಕ್ಕ ಹೇಗೆ ಮುಗಿಸುವುದು ಮಾರಾಯ್ರೆ? ಆ ವೀಸಾವನ್ನು ಇಲ್ಲಿ ಕೂತು ವಿಸ್ತರಿಸಲಿಕ್ಕೂ ಆಗುವುದಿಲ್ಲ.

ಒಂದು ಉಪಾಯ ಕಾಯ್ದೆಯ ಒಳಗೇ ಉಂಟು. ನೋಟಿಸ್ ಮೂರು ತಿಂಗಳವರೆಗೆ ಚಾಲ್ತಿಯಲ್ಲಿ ಇರುತ್ತದೆ. ಅಂದರೆ 30 ದಿನ ಕಳೆದ ಮೇಲೆ, ಮೂರು ತಿಂಗಳು ಮುಗಿಯುವ ಮೊದಲು ಯಾವ ದಿನ ಬೇಕಾದರೂ ಮದುವೆ ಇಟ್ಟುಕೊಳ್ಳಬಹುದು. ಮುಹೂರ್ತ ನೋಡುವ ಭಟ್ಟರಿಗೆ ಮೊದಲೇ ಈ ಎರಡು ದಿನಾಂಕ ಕೊಟ್ಟುಬಿಡಿ. ಆಟಿಯಲ್ಲಿ ಹೇಗೂ ಹಾಲ್‌ಗಳು ಖಾಲಿ, ಕಾಗದದ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಇನ್ನೊಂದು ವಿಷಯ, ಮದುವೆ ಸರ್ಕಾರಿ ಕಚೇರಿಯಲ್ಲೇ ಆಗಬೇಕೆಂದಿಲ್ಲ. ಹೆಚ್ಚಿನ ಶುಲ್ಕ ಕಟ್ಟಿದರೆ ಹತ್ತಿರದ ಬೇರೆ ಜಾಗದಲ್ಲೂ ಮಾಡಲು ಕಾಯ್ದೆಯಲ್ಲಿ ಅವಕಾಶ ಇದೆ. ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಇಬ್ಬರೂ ಒಪ್ಪಿಗೆಯ ಮಾತು ಹೇಳಬೇಕು, ಅಷ್ಟೇ.

'ಮದುವೆ ಮಾಡಿಯೇ ಬಿಡುವ, ರಿಜಿಸ್ಟರ್ ಆಮೇಲೆ' ಅನ್ನುವವರಿಗೆ ಒಂದು ಮಾತು. ಆದ ಮದುವೆಯನ್ನು ಇದೇ ಕಾಯ್ದೆಯಡಿ ನೋಂದಾಯಿಸಬಹುದು, ಹೌದು. ಆದರೆ ಆಗ ಜಿಲ್ಲೆಯಲ್ಲಿ 30 ದಿನ ಇರಬೇಕಾದದ್ದು ಒಬ್ಬರಲ್ಲ, ಇಬ್ಬರೂ. ಇಬ್ಬರಿಗೂ 21 ತುಂಬಿರಬೇಕು. ಆಕ್ಷೇಪಕ್ಕೆ 30 ದಿನ ಕಾಯುವುದೂ ತಪ್ಪುವುದಿಲ್ಲ. ದಾರಿ ಹತ್ತಿರ ಆಗುವ ಬದಲು ದೂರವೇ ಆಯ್ತು.

ಇದಕ್ಕೆ ತಿರುಗಾ ಮುರುಗಾ ಇನ್ನೊಂದು ಚಾಳಿ ಇದೆ: ವೀಸಾಕ್ಕೆ ಬೇಕು ಅಂತ ಮೊದಲು ಸರ್ಟಿಫಿಕೇಟ್ ಮಾಡಿಸಿ, ಧಾರೆಯನ್ನು ಮುಂದಿನ ವರ್ಷಕ್ಕೆ ಇಡುವುದು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದ ಪೀಠ, ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಇದ್ದರೆ ಅದು ಹಿಂದೂ ವಿವಾಹವೇ ಅಲ್ಲ ಅಂತ ಹೇಳಿತು. ವೀಸಾಕ್ಕಾಗಿ ಹೀಗೆ ಮಾಡುವ ಕುಟುಂಬಗಳ ಬಗ್ಗೆ ಹೆಸರೆತ್ತಿಯೇ ಎಚ್ಚರಿಸಿತು. ನಡುವೆ ಸಂಬಂಧ ಮುರಿದರೆ ಹುಡುಗಿಯ ಗತಿ ಏನು ಅನ್ನುವುದು ಇದರ ಹಿಂದಿರುವ ಪ್ರಶ್ನೆ.

ಇನ್ನು ವಿದೇಶಿಯರು ತರಬೇಕಾದ ಕಾಗದ. ಪಾಸ್‌ಪೋರ್ಟ್, ವೀಸಾ, ಜನನ ಪತ್ರ, ಮೊದಲು ಮದುವೆ ಆಗಿದ್ದರೆ ವಿಚ್ಛೇದನದ ಅಂತಿಮ ಆದೇಶ ಅಥವಾ ಮರಣ ಪತ್ರ. ಎಲ್ಲಕ್ಕಿಂತ ಕಷ್ಟದ್ದು 'ಮದುವೆಗೆ ಅಡ್ಡಿ ಇಲ್ಲ' ಎಂಬ ಪತ್ರ. ಅಮೆರಿಕ ಸರ್ಕಾರ ಇಂಥ ಪತ್ರ ಕೊಡುವುದೇ ಇಲ್ಲ. ಅಲ್ಲಿಯವರು ತಮ್ಮ ಕಾನ್ಸುಲೇಟಿನಲ್ಲಿ ಅಫಿಡವಿಟ್ ಮಾಡಬೇಕು, ಕರ್ನಾಟಕಕ್ಕೆ ಅದು ಚೆನ್ನೈ. ಜರ್ಮನಿಯಲ್ಲಿ ಊರಿನ ನೋಂದಣಿ ಕಚೇರಿಯೇ ಕೊಡುತ್ತದೆ. ಹೋಟೆಲ್, ಅಂಗಡಿಗಳಲ್ಲಿ ಕೆಲಸಕ್ಕಿರುವ ನೇಪಾಳದ ಹುಡುಗರೂ ಕಾಗದದ ಲೆಕ್ಕದಲ್ಲಿ ವಿದೇಶಿಯರೇ. ವೀಸಾ ಬೇಡ, ಆದರೆ ಪೌರತ್ವ ಪತ್ರ, ಊರಿನ ವಾರ್ಡ್ ಕಚೇರಿಯ ಅವಿವಾಹಿತ ಪತ್ರ ಬೇಕಾಗುತ್ತದೆ.

ಮದುವೆ ಸರ್ಟಿಫಿಕೇಟ್ ಕೈಗೆ ಬಂದ ಮೇಲೂ ಅದು ಹೊರದೇಶದಲ್ಲಿ ನಡೆಯಬೇಕಲ್ಲ. ಅದಕ್ಕೆ ಅಪೊಸ್ಟಿಲ್ ಅನ್ನುವ ಮುದ್ರೆ. ಭಾರತ ಈ ಒಪ್ಪಂದಕ್ಕೆ ಸೇರಿದ್ದು 2005ರಲ್ಲಿ. ಏಜೆಂಟರು 'ಅಪೊಸ್ಟಿಲ್ ಮಾಡಿಸಿದರೆ ಎಲ್ಲಾ ಕಡೆ ನಡೀತದೆ' ಅನ್ನುತ್ತಾರೆ, ನಂಬಬೇಡಿ. ನಮ್ಮವರು ಹೆಚ್ಚು ಇರುವ ದುಬೈ ಸೇರಿರುವ ಯುಎಇ ಈ ಒಪ್ಪಂದದಲ್ಲಿ ಇಲ್ಲ. ಅಲ್ಲಿಗೆ ಅವರದೇ ಎಂಬೆಸಿಯ ದೃಢೀಕರಣ ಬೇಕು. ಜರ್ಮನಿ ಒಪ್ಪಂದದಲ್ಲಿದ್ದರೂ ಭಾರತದ ಸೇರ್ಪಡೆಗೆ ಆಕ್ಷೇಪ ಹಾಕಿದೆ, ಹಾಗಾಗಿ ನಮ್ಮ ಅಪೊಸ್ಟಿಲ್ ಅಲ್ಲಿ ನಡೆಯುವುದಿಲ್ಲ. ಅವರು ಬೇಕಾದಾಗ ತಮ್ಮದೇ ರೀತಿಯಲ್ಲಿ ಇಲ್ಲಿನ ದಾಖಲೆಗಳ ತಪಾಸಣೆ ಮಾಡಿಸುತ್ತಾರೆ. ಯಾವ ದೇಶಕ್ಕೆ ಯಾವ ಮುದ್ರೆ ಅಂತ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಂಟಿಸಲು ಏನು ಖರ್ಚು? ಏಜೆಂಟರ ಅರ್ಧ ಸಂಪಾದನೆ ನಿಂತಿರುವುದೇ ಆ ಹಾಳೆ ಇಲ್ಲದ್ದರ ಮೇಲೆ.

ಬೋರ್ಡಿಗೆ ನೋಟಿಸ್ ಹಾಕುವ ನಿಯಮದ ಬಗ್ಗೆ ನನ್ನದೂ ತಕರಾರಿದೆ. ಹೆಸರು, ವಯಸ್ಸು, ವಿಳಾಸ ಎಲ್ಲ ಅದರಲ್ಲಿ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ಧರ್ಮ ಬೇರೆ ಇರುವ ಜೋಡಿಯ ನೋಟಿಸ್ ವಾಟ್ಸಾಪಿಗೆ ಹೋದರೆ ಏನಾಗುತ್ತದೆ ಅಂತ ಓದುಗರಿಗೆ ಗೊತ್ತುಂಟು. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್ ಪ್ರಕಟಣೆ ಜೋಡಿಯ ಇಷ್ಟಕ್ಕೆ ಬಿಟ್ಟದ್ದು ಅಂತ ಹೇಳಿತ್ತು. ಆದರೆ ಅದು ಉತ್ತರ ಪ್ರದೇಶದ ಹೈಕೋರ್ಟು, ಇಲ್ಲಿನ ಕಚೇರಿಗಳನ್ನು ಕಟ್ಟಿಹಾಕುವುದಿಲ್ಲ.

ಆಸ್ತಿಯ ವಿಷಯ ಮನೆಯ ಹಿರಿಯರಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಕೂಡು ಕುಟುಂಬದ ಹಿಂದೂ ಹುಡುಗ ಹಿಂದೂ ಅಲ್ಲದವಳನ್ನು ವಿಶೇಷ ವಿವಾಹ ಕಾಯ್ದೆಯಡಿ ಮದುವೆ ಆದರೆ, 19ನೇ ಸೆಕ್ಷನ್ ಪ್ರಕಾರ ಆ ಕುಟುಂಬದಿಂದ ಬೇರ್ಪಟ್ಟಂತೆ. ಪಾಲು ಹೋಗುವುದಿಲ್ಲ, ಆದರೆ ಮುಂದಿನ ಉತ್ತರಾಧಿಕಾರ ಬೇರೆ ಕಾಯ್ದೆಗೆ ಹೋಗುತ್ತದೆ. ಜಾಗದ ಪಾಲು ಆಗದೆ ಉಳಿದಿರುವ ಮನೆಗಳು ಒಮ್ಮೆ ವಕೀಲರನ್ನು ಕಾಣಲಿ.

ಹೊರಗೇ ಮದುವೆ ಆಗುವವರಿಗೆ, ಒಬ್ಬರು ಭಾರತೀಯರಾಗಿದ್ದರೆ, 1969ರ ವಿದೇಶಿ ವಿವಾಹ ಕಾಯ್ದೆಯಡಿ ನಮ್ಮ ರಾಯಭಾರ ಕಚೇರಿಯ ದಾರಿ ಇದೆ. ಅಬುಧಾಬಿಯಲ್ಲಿ 2021ರ ಕಾನೂನಿನ ಮೇಲೆ ಮುಸ್ಲಿಮೇತರರಿಗೆ ಸಿವಿಲ್ ಮದುವೆಯೂ ಸಾಧ್ಯ.

ಇನ್ನು ಮನೆಯವರ ಪಾಲಿನ ಒಂದು ಕೆಲಸ. ವಿದೇಶಿ ಮದುಮಗಳು ಮನೆಯಲ್ಲೋ ಲಾಡ್ಜಿನಲ್ಲೋ ಉಳಿದುಕೊಂಡರೆ, 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಫಾರ್ಮ್ ತುಂಬಬೇಕಾದದ್ದು ಉಳಿಸಿಕೊಂಡವರು. ಲಾಡ್ಜಿನವರಿಗೆ ಇದು ಗೊತ್ತಿರುತ್ತದೆ, ಮನೆಯವರಿಗೆ ಗೊತ್ತಿರುವುದಿಲ್ಲ. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ನೋಡಿಕೊಳ್ಳುವುದು ಎಸ್‌ಪಿ ಕಚೇರಿ. ತುಂಬಿದ ಪ್ರತಿಯನ್ನು ತೆಗೆದಿಟ್ಟುಕೊಳ್ಳಿ, ಆಕೆ ಯಾವ ದಿನದಿಂದ ಜಿಲ್ಲೆಯಲ್ಲಿದ್ದಾಳೆ ಅಂತ ತೋರಿಸಲು ಕೈಯಲ್ಲಿ ಒಂದು ದಾಖಲೆ ಆದಂತಾಯ್ತು.