ದೂರವನ್ನು ಗಂಟೆಗಳಲ್ಲಿ ಅಳೆಯುವುದು ಅಗತ್ಯ

ಬೆಂಗಳೂರು ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ನಡುವಣ ನೇರ ಅಂತರ ಸುಮಾರು 300 ಕಿ.ಮೀ.; ವೇಳಾಪಟ್ಟಿಯ ಪ್ರಕಾರ ಪ್ರಯಾಣದ ಅವಧಿ ಸುಮಾರು ಒಂದು ಗಂಟೆ. ಇವೆರಡನ್ನು ಕೂಡಿಸುವ ಸರಳರೇಖೆಯು ಮೂಡಿಗೆರೆ-ಸಕಲೇಶಪುರ ಸೀಮೆಯ ಕಾಫಿ ತೋಟಗಳ ಮೇಲೆಯೇ ಹಾದುಹೋಗುತ್ತದೆ. ಆದರೆ ಆ ತೋಟಗಳ ಬೆಳೆಗಾರರಿಗೂ ವರ್ತಕರಿಗೂ ಈ ಒಂದು ಗಂಟೆಯಿಂದ ದೊರೆಯುವ ಪ್ರಯೋಜನ ಅತ್ಯಲ್ಪ.

ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿ, ಮಂಗಳೂರು, ಮೂಡಿಗೆರೆ ಮತ್ತು ಕಳಸದ ದಾರಿಗಳು ಕೂಡುವ ಕೊಟ್ಟಿಗೆಹಾರವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇಲ್ಲಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು ಆರು ಗಂಟೆಗಳ ಪ್ರಯಾಣ. ವಿಮಾನವನ್ನೇ ಆಶ್ರಯಿಸಿದರೆ ಘಾಟಿಯಿಳಿದು ಬಜ್ಪೆ ಸೇರಲು ಎರಡೂವರೆಯಿಂದ ಮೂರು ಗಂಟೆ, ತಪಾಸಣೆ ಹಾಗೂ ಕಾಯುವಿಕೆಗೆ ಒಂದೂವರೆ, ವಿಮಾನದಲ್ಲಿ ಒಂದು, ದೇವನಹಳ್ಳಿಯಿಂದ ನಗರದೊಳಕ್ಕೆ ಮತ್ತೆ ಒಂದೂವರೆ. ಒಟ್ಟಿನಲ್ಲಿ ಆರೂವರೆಯಿಂದ ಏಳು ಗಂಟೆ. ಲಾಭವೆಂಬುದಿಲ್ಲ.

ಆದರೂ ವಿಮಾನಯಾನದಿಂದ ಕಲಿಯಬೇಕಾದ ಪಾಠವೊಂದುಂಟು. ವಿಮಾನ ಸಂಸ್ಥೆಗಳು ಪ್ರಕಟಿಸುವ ಅವಧಿಯು ಕೇವಲ ಹಾರಾಟದ್ದಲ್ಲ. ವಿಮಾನವು ತಂಗುದಾಣದಿಂದ ಕದಲಿದ ಕ್ಷಣದಿಂದ ಗಮ್ಯದಲ್ಲಿ ನಿಲ್ಲುವವರೆಗಿನ ಕಾಲವೆಲ್ಲ ಅದರಲ್ಲಿ ಸೇರಿರುತ್ತದೆ. ಗ್ರಾಹಕನಿಗೆ ಹೇಳುವುದು ದೂರವನ್ನಲ್ಲ, ಕಾಲವನ್ನು. ರಸ್ತೆ ಸಾಗಣೆಯಲ್ಲಿ ಈ ಶಿಸ್ತು ಇನ್ನೂ ಬೇರೂರಿಲ್ಲ. ಬಾಡಿಗೆಯ ಮಾತುಕತೆ ಬಹುಪಾಲು ಟನ್ನು ಮತ್ತು ಕಿಲೋಮೀಟರುಗಳಲ್ಲೇ ಮುಗಿಯುತ್ತದೆ.

ಇದರ ಪರಿಣಾಮ ಗಂಭೀರವಾದುದು. ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು. ಚಿಕ್ಕಮಗಳೂರು, ಹಾಸನಗಳ ಕ್ಯೂರಿಂಗ್ ಘಟಕಗಳಲ್ಲಿ ಸಂಸ್ಕರಣೆಗೊಂಡ ಕಾಫಿ ಪಣಂಬೂರಿನ ಬಂದರಿಗೆ ತಲುಪಲು ಘಾಟಿ ಇಳಿಯಲೇಬೇಕು. ಕೊಯ್ಲು ಬೇಸಿಗೆಗೆ ಮೊದಲೇ ಮುಗಿದರೂ ರಫ್ತು ಮಳೆಗಾಲದಲ್ಲೂ ಸಾಗುತ್ತಿರುತ್ತದೆ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿಯೂ 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯೂ ಭೂಕುಸಿತದಿಂದ ಮುಚ್ಚಿದವು. ಚಾರ್ಮಾಡಿ ಮತ್ತೆ ತೆರೆದಾಗಲೂ ಮೊದಲು ಅವಕಾಶ ದೊರೆತದ್ದು ಲಘು ವಾಹನಗಳಿಗೆ ಮಾತ್ರ. ನಕ್ಷೆಯಲ್ಲಿ ಊರುಗಳ ಅಂತರ ಒಂದಿಂಚೂ ಬದಲಾಗಲಿಲ್ಲ. ವ್ಯಾಪಾರಕ್ಕೆ ಮಾತ್ರ ಬಂದರು ದೂರ ಸರಿಯಿತು. ಹಡಗಿನ ಗಡುವು ತಪ್ಪಿದರೆ ನಷ್ಟ ಯಾರದೆಂಬುದಕ್ಕೆ ಕಿ.ಮೀ. ಆಧಾರದ ಒಪ್ಪಂದದಲ್ಲಿ ಉತ್ತರ ಸಿಗದು.

ಆದ್ದರಿಂದ ಸಾಗಣೆ ಒಪ್ಪಂದಗಳಲ್ಲಿ ದೂರದ ಜೊತೆಗೆ ಬೇಸಿಗೆಯ ಅವಧಿ, ಮಳೆಗಾಲದ ಅವಧಿ ಹಾಗೂ ಬದಲಿ ಮಾರ್ಗದ ಅವಧಿ ನಮೂದಾಗಬೇಕು. ಮಳೆಗಾಲದ ಕಾಲವನ್ನು ಮೊದಲೇ ಹೇಳಲಾಗದೆಂಬ ಆಕ್ಷೇಪ ಸಹಜ. ಆದರೆ ಕ್ಯೂರಿಂಗ್ ಘಟಕದ ತೂಕದ ಚೀಟಿಯಲ್ಲಿ ಲಾರಿ ಹೊರಟ ಸಮಯವೂ ಬಂದರಿನ ಗೇಟಿನ ದಾಖಲೆಯಲ್ಲಿ ತಲುಪಿದ ಸಮಯವೂ ಸಿಗುತ್ತವೆ. ವಾಣಿಜ್ಯ ಸಂಸ್ಥೆಗಳು ಇವನ್ನು ಮೂರು ಮಳೆಗಾಲ ಸಂಗ್ರಹಿಸಿದರೆ ನಂಬಲರ್ಹ ಕೋಷ್ಟಕವೊಂದು ಸಿದ್ಧವಾಗುತ್ತದೆ. ಘಾಟಿ ರಸ್ತೆಯ ದುರಸ್ತಿಗಾಗಿ ಸರ್ಕಾರದ ಮುಂದೆ ಮಂಡಿಸುವ ಮನವಿಗೂ ಅಂಥ ಕೋಷ್ಟಕಕ್ಕಿಂತ ಬಲವಾದ ಆಧಾರ ಬೇರೊಂದಿಲ್ಲ.