ಆಟೋಗೆ ನಾಲ್ಕನೆಯವರು ಹತ್ತಿದರೆ ನಷ್ಟ ಯಾರಿಗೆ?

ದಾವಣಗೆರೆ/ಹರಿಹರ: ಆಟೋ ಪರ್ಮಿಟ್ ಇರುವುದು ಮೂವರು ಪ್ರಯಾಣಿಕರಿಗೆ. ಆದರೂ ‘ಸ್ವಲ್ಪ ಸರೀರಿ, ಇನ್ನೊಬ್ರು ಬರ್ತಾರೆ’ ಅನ್ನೋ ಮಾತು ಎರಡೂ ಊರಲ್ಲಿ ಮಾಮೂಲು. ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯಂತೆ ಹೆಚ್ಚುವರಿ ತಲೆಗೆ 200 ರೂ. ದಂಡ. ಆದರೆ ದೊಡ್ಡ ಹೊಡೆತ ಬೀಳುವುದು ವಿಮೆಯಲ್ಲಿ.

42 ಸೀಟಿನ ಬಸ್ಸಿಗೆ 90 ಜನರನ್ನು ತುಂಬಿದ್ದ ಅಪಘಾತ ಪ್ರಕರಣದಲ್ಲಿ 2007ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ: ವಿಮಾ ಕಂಪನಿ 42 ಜನರ ಪರಿಹಾರ ಕಟ್ಟಿದರೆ ಸಾಕು. ಆ ದುಡ್ಡನ್ನೇ ಎಲ್ಲರಿಗೂ ಹಂಚಬೇಕು, ಬಾಕಿ ವಾಹನ ಮಾಲೀಕರ ತಲೆಗೆ.

ಅದೇ ಲೆಕ್ಕ ಆಟೋಗೆ ಹಾಕಿದರೆ ಮೂವರ ದುಡ್ಡು ಆರು ಮನೆಗೆ ಹಂಚಿಕೆ. ಸಾಲ ಮಾಡಿ ಆಟೋ ತಂದವರು ಉಳಿದದ್ದನ್ನು ಎಲ್ಲಿಂದ ಕಟ್ಟಬೇಕು?

ಲಘು ವಾಹನದ ಲೈಸೆನ್ಸ್ ಇದ್ದರೆ 7,500 ಕೆ.ಜಿ. ಒಳಗಿನ ಸಾರಿಗೆ ವಾಹನಕ್ಕೆ ಪ್ರತ್ಯೇಕ ಅನುಮತಿ ಬೇಡ ಎಂದು 2024ರ ನವೆಂಬರ್‌ನಲ್ಲಿ ಕೋರ್ಟ್ ಹೇಳಿತು. ಸಡಿಲವಾಗಿದ್ದು ಲೈಸೆನ್ಸ್, ಸೀಟಲ್ಲ.