ಕೆಲಸದ ಪಟ್ಟಿಗೆ ಒಂದು ಟೆಕ್ಸ್ಟ್ ಫೈಲ್ ಸಾಕು

ಪುಣೆಯ ಯೆರವಡಾದಲ್ಲಿರುವ ಡೆಕ್ಕನ್ ಕಾಲೇಜಿನ ಸಂಸ್ಕೃತ ನಿಘಂಟು ವಿಭಾಗದಲ್ಲಿ ಸುಮಾರು ಒಂದು ಕೋಟಿ ಚೀಟಿಗಳಿವೆ. 1948ರಲ್ಲಿ ಎಸ್. ಎಂ. ಕತ್ರೆ ಅವರು ಶುರು ಮಾಡಿದ ಕೆಲಸ ಇದು. ಋಗ್ವೇದದಿಂದ ಹಿಡಿದು ಸುಮಾರು 1,500 ಗ್ರಂಥಗಳನ್ನು ಜಾಲಾಡಿ, ಪದ, ಅದು ಬಳಕೆಯಾದ ಸಾಲು, ಗ್ರಂಥದ ಹೆಸರು ಎಲ್ಲವನ್ನೂ ಕೈಯಲ್ಲಿ ಬರೆದಿಟ್ಟರು. ಅದಕ್ಕೇ ಕಾಲು ಶತಮಾನ ಹಿಡಿಯಿತು. ನಿಘಂಟು ಅಚ್ಚಾಗಿ ಹೊರಬರತೊಡಗಿದ್ದು 1976ರಲ್ಲಿ. 35 ಸಂಪುಟಗಳು ಬಂದ ಮೇಲೂ ಅಕಾರವೇ ಮುಗಿದಿರಲಿಲ್ಲ.

ಇಷ್ಟು ದೀರ್ಘವಾದ ಕೆಲಸ ಕೈಬದಲಾಗುತ್ತಾ ನಡೆದುಬಂದದ್ದು ಹೇಗೆ? ಬರೆದವರು ನಿವೃತ್ತರಾದರು, ಹಲವರು ತೀರಿಕೊಂಡರು. ಆದರೆ ಡ್ರಾಯರ್ ಎಳೆದು ಚೀಟಿ ಕೈಗೆತ್ತಿಕೊಂಡ ಹೊಸ ಸಂಪಾದಕರಿಗೆ ಅದನ್ನು ಓದಲು ಯಾರ ಅಪ್ಪಣೆಯೂ ಬೇಕಿಲ್ಲ, ಯಾವ ಯಂತ್ರವೂ ಬೇಕಿಲ್ಲ.

ಮನೆಗೆಲಸ, ಕಚೇರಿ ಕೆಲಸಗಳ ಪಟ್ಟಿಗೂ ಈ ಗುಣವೇ ಬೇಕು. ನಮ್ಮ ಆ್ಯಪ್‌ಗಳಲ್ಲಿ ಅದು ಸಿಗುತ್ತಿಲ್ಲ. ಲಕ್ಷಾಂತರ ಜನ ನೆಚ್ಚಿಕೊಂಡಿದ್ದ ವಂಡರ್‌ಲಿಸ್ಟ್ ಅನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡಿತು. 2020ರ ಮೇ 6ರಂದು ಅದನ್ನು ಮುಚ್ಚಿತು. ಬಳಸುತ್ತಿದ್ದವರು ತಮ್ಮ ಪಟ್ಟಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು.

ಇದಕ್ಕೆ ಪರಿಹಾರ ಬಹಳ ಹಿಂದೆಯೇ ಸಿಕ್ಕಿದೆ. ಆಮ್‌ಸ್ಟರ್‌ಡ್ಯಾಮ್‌ನ ಖಗೋಳವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಆರ್ಗ್ ಮೋಡ್ ರೂಪಿಸಿದರು. 2006ರಲ್ಲಿ ಗೀನಾ ಟ್ರಪಾನಿ 'ಟುಡು ಡಾಟ್ ಟಿಎಕ್ಸ್‌ಟಿ' ತಂದರು. ಎರಡರಲ್ಲೂ ಎಲ್ಲ ಕೆಲಸಗಳೂ ಸಾದಾ ಟೆಕ್ಸ್ಟ್ ಫೈಲಿನಲ್ಲಿರುತ್ತವೆ. ಎರಡನೆಯದರಲ್ಲಿ ಸಾಲಿಗೊಂದು ಕೆಲಸ. ಯೋಜನೆಯ ಹೆಸರಿನ ಮುಂದೆ ಪ್ಲಸ್ ಗುರುತು, ಎಲ್ಲಿ ಮಾಡಬೇಕು ಎಂಬುದರ ಮುಂದೆ @ ಗುರುತು. ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ವಿಜಯಪುರದವರೊಬ್ಬರ ಫೈಲ್ ಹೀಗಿರಬಹುದು:

ಪಹಣಿಯಲ್ಲಿ ಅಪ್ಪನ ಹೆಸರು ಸರಿಪಡಿಸಲು ಅರ್ಜಿ +ಜಮೀನು @ಊರು
ಮಗಳ ಶಾಲೆಯ ಎರಡನೇ ಕಂತು +ಮನೆ @ಪುಣೆ
ತಮ್ಮನಿಗೆ ಸರ್ವೆ ನಕ್ಷೆ ಕಳಿಸುವುದು +ಜಮೀನು @ಫೋನ್

ದೀಪಾವಳಿಗೆ ಊರಿಗೆ ಹೊರಟಾಗ '@ಊರು' ಎಂದು ಹುಡುಕಿದರೆ ಅಲ್ಲಿ ಮುಗಿಸಬೇಕಾದ್ದೆಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ. '+ಜಮೀನು' ಎಂದರೆ ಅಣ್ಣತಮ್ಮಂದಿರ ವ್ಯವಹಾರವೆಲ್ಲ ಒಂದೆಡೆ. ಈ ಫೈಲ್ ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ, ಹಳೆಯ ಫೋನಿನಲ್ಲೂ ತೆರೆಯುತ್ತದೆ. ಇದು ತಾನಾಗಿ ಗಂಟೆ ಬಾರಿಸಿ ನೆನಪಿಸುವುದಿಲ್ಲ ನಿಜ. ಆದರೆ ಹೊತ್ತು ನಿಗದಿಯಾದ ನಾಲ್ಕಾರು ಕೆಲಸಗಳಿಗೆ ಫೋನಿನ ಅಲಾರಂ ಇದೆ. ಉಳಿದವುಗಳಿಗೆ ಬೇಕಾದದ್ದು ವಾರಕ್ಕೊಮ್ಮೆ ಕೂತು ಪಟ್ಟಿಯನ್ನು ಪೂರ್ತಿ ಓದುವ ಅಭ್ಯಾಸ. ಅದನ್ನು ಯಾವ ಆ್ಯಪ್ ಕೂಡ ನಮ್ಮ ಪರವಾಗಿ ಮಾಡಿಕೊಡಲಾರದು.

ಕನ್ನಡಿಗರಿಗೆ ಇನ್ನೊಂದು ತೊಡಕಿತ್ತು. ಯೂನಿಕೋಡ್ ಎಂಬ ಅಕ್ಷರಸಂಕೇತ ಬಳಕೆಗೆ ಬರುವ ಮುಂಚೆ ನುಡಿ, ಬರಹ ತಂತ್ರಾಂಶಗಳಲ್ಲಿ ಮೂಡಿಸಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತಿತ್ತು. ಆ ತೊಡಕು ನೀಗಿದ್ದರಲ್ಲಿ ಪುಣೆಯ ಪಾಲೂ ಇದೆ. ಭಾರತೀಯ ಲಿಪಿಗಳನ್ನು ಕಂಪ್ಯೂಟರಿನಲ್ಲಿ ಮೂಡಿಸಲು ಐಐಟಿ ಕಾನ್ಪುರದಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನ ಬೆಳೆದದ್ದು 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನಲ್ಲಿ. ಜಿಸ್ಟ್ ಬಳಸಿದ್ದು ಹಲವು ಭಾರತೀಯ ಲಿಪಿಗಳಿಗೆ ಒಂದೇ ಚೌಕಟ್ಟು ಕೊಟ್ಟ ಇಸ್ಕಿ ಸಂಕೇತವನ್ನು. ಇಸ್ಕಿಯ 1988ರ ರೂಪವನ್ನೇ ಆಧಾರವಾಗಿಟ್ಟುಕೊಂಡು ಯೂನಿಕೋಡ್ ಕನ್ನಡದ ಅಕ್ಷರಗಳಿಗೆ ಜಾಗ ಕೊಟ್ಟಿತು. ಇಂದು ಕನ್ನಡದಲ್ಲಿ ಬರೆದ ಟೆಕ್ಸ್ಟ್ ಫೈಲ್ ಇಂಗ್ಲಿಷಿನದರಷ್ಟೇ ಭದ್ರ.

ಹಾಗಾಗಿ ಎರಡು ಕೆಲಸ ತುರ್ತಾಗಿ ಆಗಬೇಕು. ಹಳೆಯ ಫಾಂಟುಗಳಲ್ಲಿ ಉಳಿದಿರುವ ಮನೆಯ ಲೆಕ್ಕ, ಸಂಘಸಂಸ್ಥೆಗಳ ನಡಾವಳಿಗಳನ್ನು, ಪರಿವರ್ತಕಗಳು ಕೈಗೆ ಸಿಗುತ್ತಿರುವಾಗಲೇ, ಯೂನಿಕೋಡಿಗೆ ತಂದುಕೊಳ್ಳಬೇಕು. ಹೊಸ ಆ್ಯಪ್ ಹಾಕಿಕೊಳ್ಳುವ ಮುನ್ನ, ಬರೆದದ್ದೆಲ್ಲವನ್ನೂ ಸಾದಾ ಟೆಕ್ಸ್ಟ್ ಆಗಿ ಇಳಿಸಿಕೊಳ್ಳುವ ದಾರಿ ಅದರಲ್ಲಿದೆಯೇ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ ಅದರಲ್ಲಿ ಒಂದು ಸಾಲನ್ನೂ ಬರೆಯಬಾರದು.